ಜುಲೈನಲ್ಲಿ ಒಬ್ಬಳೇ ಶ್ರೀಲಂಕಾ ಸುತ್ತಬಹುದಾ? ಎಲ್ಲರೂ ಆಫ್ ಸೀಸನ್ ಅಂತ ಹೆದರಿಸುತ್ತಿದ್ದಾರೆ

ವಿಜಯನಗರದ ವಾಣಿ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ಹತ್ತಿರ ಹತ್ತಿರ ಎರಡು ವಾರ ರಜೆ ಸಿಕ್ಕಿದೆ. ಬೇರೆ ತಿಂಗಳು ಕೇಳಿದರೆ ಮ್ಯಾನೇಜರ್ ಮುಖ ಗಂಟು ಹಾಕಿಕೊಳ್ಳುತ್ತಾರೆ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬಳೇ ಶ್ರೀಲಂಕಾಗೆ ಹೋಗಬೇಕು ಅಂತ ಬಹಳ ದಿನದ ಆಸೆ. ಬೆಂಗಳೂರಿಂದ ಕೊಲಂಬೊಗೆ ನೇರ ವಿಮಾನ ಇದೆ, ಖರ್ಚೂ ಕೈಗೆ ಎಟುಕುತ್ತದೆ.

ನೋಡಬೇಕು ಅಂದುಕೊಂಡಿರುವುದು: ಗಾಲೆ, ಮಿರಿಸ್ಸದಲ್ಲಿ ತಿಮಿಂಗಿಲ, ವೆಲಿಗಾಮದಲ್ಲಿ ಸರ್ಫಿಂಗ್ ಕಲಿಯೋದು, ಶ್ರೀಪಾದ ಬೆಟ್ಟ ಹತ್ತೋದು, ‘ಎಲ್ಲ’ ಊರಿಗೆ ಹೋಗುವ ರೈಲು. ಆದರೆ ಕೇಳಿದವರೆಲ್ಲ "ಈಗ ಬೇಡ, ಡಿಸೆಂಬರ್‌ನಲ್ಲಿ ಹೋಗು" ಅಂತಲೇ ಹೇಳುತ್ತಾರೆ. ಹೋಗಿ ಬಂದವರು ಹೇಳಿ, ಮಳೆಯಲ್ಲಿ ರೂಮಲ್ಲೇ ಕೂತು ಬರಬೇಕಾಗುತ್ತದಾ? ನಾನು ಸಸ್ಯಾಹಾರಿ. ಅಮ್ಮನ್ನ ಒಪ್ಪಿಸೋದು ಬೇರೆ ಬಾಕಿ ಇದೆ.

ಮಗಾ ಬ್ಯಾಗ್ ಎತ್ತು

ಅಷ್ಟು ದೂರ ಯಾಕೆ, ಗೋಕರ್ಣಕ್ಕೆ ಹೋಗಿ ಬನ್ನಿ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಬೆಳಗ್ಗೆ ಕಡಲು. ಪಾಸ್‌ಪೋರ್ಟೂ ಬೇಡ.

ಗಾಂಧಿಬಜಾರ್ ಗಿರಿ

ಜುಲೈನಲ್ಲಿ ಗೋಕರ್ಣದ ಬೀಚಲ್ಲಿ ಬಹಳಷ್ಟು ಗುಡಿಸಲು ಹೋಟೆಲ್ ಬಿಚ್ಚಿಟ್ಟಿರುತ್ತಾರೆ ಗುರು. ಅಲ್ಲೂ ಇದೇ ಮಳೆ, ಇದೇ ಕಡಲು.

ವಾಣಿ ಅವರೇ, ನಿಮ್ಮ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಜುಲೈನಲ್ಲಿ ಏನೇನು ಆಗುವುದಿಲ್ಲವೋ ಅದನ್ನೇ ಆರಿಸಿ ಇಟ್ಟಿದ್ದೀರಿ. ಮಿರಿಸ್ಸದ ತಿಮಿಂಗಿಲ ನವೆಂಬರ್‌ನಿಂದ ಏಪ್ರಿಲ್. ವೆಲಿಗಾಮದ ಸರ್ಫಿಂಗೂ ಹೆಚ್ಚುಕಡಿಮೆ ಅಷ್ಟೇ. ಶ್ರೀಪಾದದ ಯಾತ್ರೆ ಡಿಸೆಂಬರ್ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಮುಗಿಯುತ್ತದೆ. ಆಮೇಲೆ ದಾರಿಯ ದೀಪ ಆರಿಸುತ್ತಾರೆ, ಚಹಾ ಅಂಗಡಿ ಮುಚ್ಚುತ್ತವೆ. 2,243 ಮೀಟರ್ ಎತ್ತರದ ಬೆಟ್ಟ, ಗಾಳಿ ಮಳೆಯಲ್ಲಿ ಕತ್ತಲಲ್ಲಿ ಸಾವಿರಾರು ಮೆಟ್ಟಿಲು. ಒಬ್ಬರೇ ಅಂದರೆ ನನ್ನ ಉತ್ತರ ಖಂಡಿತ ಬೇಡ.

ಆದರೆ ಪ್ರಶ್ನೆ "ಯಾವ ತಿಂಗಳು" ಅನ್ನೋದಲ್ಲ, "ಯಾವ ಮಗ್ಗುಲು" ಅನ್ನೋದು. ನಮ್ಮ ಮುಂಗಾರೇ ಅವರಿಗೂ ಮುಂಗಾರು. ಮೇನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಕೊಲಂಬೊ, ಗಾಲೆ, ರತ್ನಪುರದ ಕಡೆ ಬಡಿಯುತ್ತದೆ. ನಡುವೆ ದೊಡ್ಡ ಬೆಟ್ಟಸಾಲು ಇದೆ. ನಮ್ಮಲ್ಲಿ ಆಗುಂಬೆಯಲ್ಲಿ ಸುರಿದ ಮಳೆ ಕಡೂರಿಗೆ ಬರುವಷ್ಟರಲ್ಲಿ ಖಾಲಿಯಾಗುತ್ತದಲ್ಲ, ಅಲ್ಲೂ ಹಾಗೆ. ಬೆಟ್ಟದ ಆಚೆ, ಮೂಡಣ ಕರಾವಳಿಯಲ್ಲಿ ಜುಲೈ ಅಂದರೆ ಕಡು ಬೇಸಿಗೆ. ಬೆಟ್ಟ ಇಳಿದು ಬರುವ ಒಣ ಬಿಸಿಗಾಳಿಗೆ ಅಲ್ಲಿನವರು ‘ಕಚ್ಚಾನ್’ ಅನ್ನುತ್ತಾರೆ. ಟ್ರಿಂಕೊಮಲಿ, ನಿಲಾವೆಲಿ, ಪಾಸಿಕುಡ, ಅರುಗಂ ಬೇ ಎಲ್ಲ ಆಗ ಒಣಗಿರುತ್ತವೆ. ಹಿಂಗಾರು ಬಂದಾಗ, ನವೆಂಬರ್ ಮೇಲೆ, ಆ ಕಡೆಯ ಸರದಿ.

ಹಾಗಾಗಿ ಇಡೀ ದೇಶಕ್ಕೆ ಒಂದೇ ಆಫ್ ಸೀಸನ್ ಅಂತ ಇಲ್ಲವೇ ಇಲ್ಲ. ಅಕ್ಟೋಬರ್-ನವೆಂಬರ್ ಮಾತ್ರ ಎರಡು ಮಳೆಯ ನಡುವಿನ ಕಾಲ, ಮಧ್ಯಾಹ್ನದ ಮೇಲೆ ಗುಡುಗು ಮಳೆ, ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಏಳುವ ಹೊತ್ತು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಆ ದೇಶವನ್ನು ಹೇಗೆ ತೊಳೆದು ಹಾಕಿತು ಅಂತ ನೋಡಿದ್ದೀರಲ್ಲ. ನನ್ನ ಲೆಕ್ಕದಲ್ಲಿ ಹೆದರಬೇಕಾದ್ದು ಆಗ, ಜುಲೈನಲ್ಲಿ ಅಲ್ಲ.

ವಿಜಯನಗರದ ವಾಣಿ

ಅಯ್ಯೋ, ಒಂದು ಪಟ್ಟಿ ಮಾಡಿದ್ದೆ, ಅದನ್ನೂ ಉಳಿಸಲಿಲ್ಲವಲ್ಲ ಸರ್ 😄 ಹಾಗಾದರೆ ದಕ್ಷಿಣ ಪೂರ್ತಿ ಬಿಟ್ಟುಬಿಡಬೇಕಾ? ನನಗೆ ಗದ್ದಲ ಆಗಲ್ಲ. ಖಾಲಿ ಇರುತ್ತದೆ, ಅಗ್ಗ ಇರುತ್ತದೆ ಅಂತಲೇ ಆಫ್ ಸೀಸನ್‌ಗೆ ಮನಸ್ಸು ಮಾಡಿದ್ದು.

ಹಿನ್ನೀರು

ಇಲ್ಲಿ ನಾನು ಗಿರಿ ಅವರ ಮಾತಿಗೆ ಸ್ವಲ್ಪ ಸೇರಿಸಬೇಕು. ನಾನೂ ಒಬ್ಬಳೇ ಹೋಗಿದ್ದವಳು, ಜೂನ್‌ನಲ್ಲಿ. ಗಾಲೆಯಿಂದ ಮಾತರವರೆಗೆ ಕರಾವಳಿಯಲ್ಲೇ ಇದ್ದೆ.

ಅಗ್ಗ ಅನ್ನೋದು ಅರ್ಧ ನಿಜ. ರೂಮು ಅಗ್ಗ. ಕೇಳಿದರೆ ಇನ್ನೂ ಇಳಿಸುತ್ತಾರೆ, ತಿಂಡಿ ಸೇರಿಸಿ ಕೊಡುತ್ತಾರೆ. ಆದರೆ ಒಬ್ಬರೇ ತಿರುಗುವವರಿಗೆ ದುಡ್ಡು ಉಳಿಯುವುದು ಪಾಲು ಹಂಚಿಕೊಂಡಾಗ. ಹಾಸ್ಟೆಲ್‌ನಲ್ಲಿ ಇನ್ನು ನಾಲ್ಕು ಜನ ಸಿಕ್ಕರೆ ಸಫಾರಿ ಜೀಪು ಐದು ಪಾಲಾಗುತ್ತದೆ, ಆಟೊ ಮೂರು ಪಾಲಾಗುತ್ತದೆ. ಆಫ್ ಸೀಸನ್‌ನಲ್ಲಿ ಆ ನಾಲ್ಕು ಜನ ಇರುವುದಿಲ್ಲ. ಕಾಡಿನ ಪ್ರವೇಶ ಶುಲ್ಕ ತಲೆಗೆ ಇಷ್ಟು ಅಂತ, ಜೀಪಿನ ಬಾಡಿಗೆ ಜೀಪಿಗೆ ಇಷ್ಟು ಅಂತ. ಒಬ್ಬಳೇ ಹತ್ತಿದರೂ ಅಷ್ಟೇ, ಆರು ಜನ ಹತ್ತಿದರೂ ಅಷ್ಟೇ. ರೂಮಲ್ಲಿ ವಾರವಿಡೀ ಉಳಿಸಿದ್ದು ಒಂದು ಬೆಳಗಿನ ಸಫಾರಿಗೆ ಹೋಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನು ಖಾಲಿ ಅಂದರೆ ಹೇಗಿರುತ್ತದೆ ಅಂತ ಹೇಳ್ತೀನಿ. ನಾನಿದ್ದ ಗೆಸ್ಟ್‌ಹೌಸಲ್ಲಿ ಗಿರಾಕಿ ಅಂತ ಇದ್ದವಳು ನಾನೊಬ್ಬಳೇ. ಪಕ್ಕದ ರೂಮಿನ ಫ್ಯಾನ್ ಬಿಚ್ಚಿ ರಿಪೇರಿಗೆ ಕಳಿಸಿದ್ದರು. ಜಗಲಿಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಟಾರ್ಪಾಲ್ ಮುಚ್ಚಿದ್ದರು. ಹಾಸಿಗೆ ಮುಟ್ಟಿದರೆ ತಣ್ಣಗೆ, ಕಪಾಟಿನ ಬಾಗಿಲು ತೆಗೆದರೆ ಬೂಷ್ಟು ಹಿಡಿದ ವಾಸನೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ, ಕೊನೆಗೆ ಹಸಿಯದನ್ನೇ ಕವರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿದೆ. ಮಳೆ ಮಾತ್ರ ಅಂದುಕೊಂಡ ಹಾಗೆ ಇರಲಿಲ್ಲ. ಜಡಿಮಳೆ ಬಂದು ಒಂದು ಗಂಟೆ ಹೊಡೆದು ನಿಂತುಬಿಡುತ್ತಿತ್ತು, ಮತ್ತೆ ಬಿಸಿಲು. ಗಾಲೆ ಕೋಟೆಯ ಗೋಡೆ ಮೇಲೆ ಸಂಜೆ ನಡೆಯೋಕೆ ಏನೂ ಅಡ್ಡಿ ಆಗಲಿಲ್ಲ. ಮನೆಯ ಯಜಮಾನಿಗೂ ಪುರುಸೊತ್ತು, ಅಡುಗೆಮನೆಗೇ ಕರೆದು ಕೂರಿಸಿಕೊಂಡು ಸೊಪ್ಪು ಹೆಚ್ಚುತ್ತಾ ಊರ ಕಥೆ ಹೇಳುತ್ತಿದ್ದರು. ಸೀಸನ್‌ನಲ್ಲಿ ಅದು ಸಿಗುವುದಿಲ್ಲ.

ಹಾಗಾಗಿ ನನ್ನ ಸಲಹೆ: ದಕ್ಷಿಣದಲ್ಲಿ ಎರಡು ಮೂರು ದಿನ, ಈಜುವ ಆಸೆ ಬಿಟ್ಟು. ಅದಕ್ಕಿಂತ ಜಾಸ್ತಿ ಬೇಡ.

ಉಳ್ಳಾಲದ ಹುಡುಗ

"ಈಜುವ ಆಸೆ ಬಿಟ್ಟು" ಅನ್ನೋದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಈಗ ಇರುವುದು ಎಚ್ಎಸ್ಆರ್ ಲೇಔಟ್‌ನಲ್ಲಿ, ಬೆಳೆದದ್ದು ಕಡಲ ಪಕ್ಕ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಅನ್ನೋದು ಒಂದು ಕಾರಣ, ಕಡಲು ಒರಟು ಅನ್ನೋದು ಇನ್ನೊಂದು. ಅದೇ ಕಡಲೇ ಹಿಕ್ಕಡುವ, ಉನವಟುನ, ಮಿರಿಸ್ಸದಲ್ಲೂ ಇರುವುದು.

ಬೆಂಗಳೂರಿನ ಜನ ದೊಡ್ಡ ಅಲೆಗೆ ಹೆದರುತ್ತಾರೆ. ಹೆದರಬೇಕಾದ್ದು ಅಲೆ ಇಲ್ಲದ ಜಾಗಕ್ಕೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ, ಅದು ಮರಳಿನ ದಿಬ್ಬದ ನಡುವೆ ಒಂದು ಕಿಂಡಿ ಮಾಡಿಕೊಂಡು ರಭಸವಾಗಿ ಹೊರಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಾಗಿ ಇಲ್ಲವೇ ರಾಡಿಯಾಗಿ ಕಾಣುತ್ತದೆ. ನೋಡಿದವರು "ಇಲ್ಲಿ ಶಾಂತ ಇದೆ" ಅಂತ ಅಲ್ಲೇ ಇಳಿಯುತ್ತಾರೆ. ಸೆಳೆದರೆ ದಡದ ಕಡೆ ಎದುರೀಜು ಬೇಡ, ಕೈ ಸೋತು ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆ ಕಿಂಡಿಯಿಂದ ಹೊರಬಂದ ಮೇಲೆ ದಡ ಹಿಡಿಯಿರಿ. ಈಜು ಬಾರದಿದ್ದರೆ ಅಂಗಾತ ತೇಲಿ ಕೈ ಎತ್ತಿ ಕೂಗಬೇಕು. ಆಫ್ ಸೀಸನ್‌ನಲ್ಲಿ ಕೂಗಿದರೆ ಕೇಳುವವರು ಯಾರು? ಲೈಫ್‌ಗಾರ್ಡ್ ಇಲ್ಲದ ಖಾಲಿ ಬೀಚಲ್ಲಿ ಒಬ್ಬರೇ ಇದ್ದಾಗ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಕೆಂಪು ಬಾವುಟ ಇದ್ದರೆ ಅಷ್ಟೂ ಬೇಡ.

ನೀರಿಗೆ ಇಳಿಯಲೇಬೇಕು ಅಂದರೆ ಟ್ರಿಂಕೊ ಕಡೆ ಹೋಗಿ. ಜುಲೈನಲ್ಲಿ ನಿಲಾವೆಲಿ ಕಡಲು ಸಮಾಧಾನವಾಗಿರುತ್ತದೆ. ಎದುರಿಗೇ ಪಾರಿವಾಳ ದ್ವೀಪ, ಹವಳ ನೋಡಬಹುದು. ತಿಮಿಂಗಿಲವೂ ಆ ತಿಂಗಳಲ್ಲಿ ಆ ಕಡೆಯೇ.

ಗಾಂಧಿಬಜಾರ್ ಗಿರಿ

ದ್ವೀಪದ ದೋಣಿಗೂ ಹಿನ್ನೀರು ಅವರ ಲೆಕ್ಕವೇ, ಬಾಡಿಗೆ ದೋಣಿಗೆ ಇಷ್ಟು ಅಂತ. ಆದರೆ ಜುಲೈನಲ್ಲಿ ಅಲ್ಲಿ ಸೀಸನ್ ಆದ್ದರಿಂದ ಪಾಲಿಗೆ ಜನ ಸಿಗುತ್ತಾರೆ. ಅರುಗಂ ಬೇಯಲ್ಲಂತೂ ಆಗ ಸರ್ಫಿಂಗ್ ಜಾತ್ರೆ, ರೂಮಿನ ಬೆಲೆಯೂ ಏರಿರುತ್ತದೆ. ನಿಮಗೆ ಗದ್ದಲ ಆಗಲ್ಲ ಅಂದಿರಲ್ಲ, ಅರುಗಂ ಬೇ ಕೈಬಿಡಿ. ಉಪ್ಪುವೆಲಿ, ನಿಲಾವೆಲಿ ಸಾಕು.

ಸೊಪ್ಪುಸಾರು

ಊಟದ ವಿಷಯ ಯಾರೂ ಎತ್ತಲಿಲ್ಲ, ನಾನು ಹೇಳ್ತೀನಿ. ಸಸ್ಯಾಹಾರಿಗಳಿಗೆ ಶ್ರೀಲಂಕಾ ಸುಲಭ, ಒಂದು ಕಣ್ಣು ತೆರೆದಿಟ್ಟುಕೊಂಡರೆ. ಅನ್ನದ ತಟ್ಟೆ ಕೇಳಿದರೆ ಪರಿಪ್ಪು ಅಂತ ತೆಂಗಿನಹಾಲಿನ ಬೇಳೆ, ಹಲಸಿನಕಾಯಿ, ಬೀಟ್‌ರೂಟ್, ಸೊಪ್ಪಿನ ಪಲ್ಯ, ಹಪ್ಪಳ ಬರುತ್ತದೆ. ನಮ್ಮ ಒತ್ತು ಶಾವಿಗೆಯನ್ನೇ ಇಂದಿಆಪ್ಪ ಅಂತ ಬೆಳಗ್ಗೆ ಕೊಡುತ್ತಾರೆ, ಜೊತೆಗೆ ಕಿರಿ ಹೊದಿ ಅಂತ ಹಳದಿ ಬಣ್ಣದ ತೆಂಗಿನಹಾಲಿನ ಸಾರು. ಕುರಕ್ಕನ್ ರೊಟ್ಟಿ ಅಂದರೆ ರಾಗಿ ರೊಟ್ಟಿಯೇ. ಬೇಲದ ಹಣ್ಣಿನ ಜ್ಯೂಸ್ ಅಂಗಡಿಯಲ್ಲೇ ಸಿಗುತ್ತದೆ, ನಮ್ಮಲ್ಲಿ ರಾಮನವಮಿ ಬರಬೇಕು.

ತೊಂದರೆ ಇರುವುದು ಪೊಲ್ ಸಂಬೋಲ್‌ನಲ್ಲಿ. ನೋಡೋಕೆ ನಮ್ಮ ಕೆಂಪು ಕಾಯಿಚಟ್ನಿ. ಆದರೆ ಬಹಳ ಕಡೆ ಅದಕ್ಕೆ ಉಂಬಲಕಡ ಅಂತ ಒಣಮೀನಿನ ಚೂರು ಕುಟ್ಟಿ ಹಾಕುತ್ತಾರೆ. ಪಲ್ಯಕ್ಕೂ ಹಾಕುವುದುಂಟು. "ವೆಜ್" ಅಂದರೆ ಅವರ ಲೆಕ್ಕದಲ್ಲಿ ಅದು ಮೀನಲ್ಲ, ಒಗ್ಗರಣೆ! "ಮಸ್ ಮಾಳು ಎಪಾ, ಉಂಬಲಕಡ ಎಪಾ" ಅಂತ ಕಲಿತುಕೊಳ್ಳಿ. ಮಾಂಸ ಮೀನು ಬೇಡ, ಒಣಮೀನೂ ಬೇಡ ಅಂತ. ಟ್ರಿಂಕೊ, ಜಾಫ್ನಾ ಕಡೆ ತಮಿಳು ನಡೆಯುತ್ತದೆ, "ಸೈವಂ" ಅಂದರೆ ಮುಗಿಯಿತು. ಶ್ರೀರಾಂಪುರದಲ್ಲಿ ಬೆಳೆದವರಿಗೆ ಅಷ್ಟು ತಮಿಳು ಬಂದೇ ಬರುತ್ತದೆ ಅಲ್ವಾ.

ಇನ್ನೊಂದು. ಬೇಕರಿಯಲ್ಲಿ ಕೂತರೆ ಕೇಳದಿದ್ದರೂ ಒಂದು ತಟ್ಟೆ ತುಂಬ ಬನ್ನು, ರೋಲು, ವಡೆ ತಂದಿಡುವುದುಂಟು. ಗಾಬರಿ ಬೇಡ, ತಿಂದಷ್ಟಕ್ಕೆ ಮಾತ್ರ ದುಡ್ಡು. ತ್ರಿಕೋನದ ರೊಟ್ಟಿ ಇರುತ್ತದೆ, "ಎಳವಳು" ಅಂದರೆ ತರಕಾರಿಯದು.

ಮಗಾ ಬ್ಯಾಗ್ ಎತ್ತು

ಪೋಯ ದಿನ ನೋಡಿಕೊಂಡು ಹೋಗಿ. ಪ್ರತಿ ಹುಣ್ಣಿಮೆ ಸರ್ಕಾರಿ ರಜೆ, ಎಣ್ಣೆ ಅಂಗಡಿ ಬಂದ್. ಬಸ್ ರೈಲು ಕೂಡ ರಶ್ಶೋ ರಶ್ಶು.

ವಿಜಯನಗರದ ವಾಣಿ

ನನಗೆ ಎಣ್ಣೆಯ ಚಿಂತೆ ಇಲ್ಲ, ರಶ್ಶಿನದು ಇದೆ. ಬಸ್ಸಲ್ಲಿ ಒಬ್ಬಳೇ ಓಡಾಡೋದು ಹೇಗಿರುತ್ತದೆ? ಮತ್ತೆ ರೈಲು? ಬೆಟ್ಟದ ರೈಲು ಮಳೆಯಲ್ಲಿ ವೇಸ್ಟಾ?

ಹಿನ್ನೀರು

ಬಸ್ಸು ಚೆನ್ನಾಗಿದೆ, ಕೆಂಪಗಿರೋದು ಸರ್ಕಾರಿ. ಖಾಸಗಿಯವರು ರಸ್ತೆ ತಮ್ಮದೇ ಅನ್ನೋ ಹಾಗೆ ಓಡಿಸುತ್ತಾರೆ. ಮುಂದಿನ ಸೀಟು ಭಿಕ್ಷುಗಳಿಗೆ, ಅಲ್ಲಿ ಕೂರಬೇಡಿ. ಅದರ ಹಿಂದೆ, ಹೆಂಗಸರ ಪಕ್ಕ ಕೂತರೆ ನೆಮ್ಮದಿ. ತುಂಬಿದ ಬಸ್ಸಲ್ಲಿ ಕೈ ಹಾಕುವವರು ಅಲ್ಲೂ ಇದ್ದಾರೆ. ನಮ್ಮಲ್ಲಿ ಮಾಡೋದನ್ನೇ ಮಾಡಿ, ಜೋರಾಗಿ ಕೂಗಿ, ಕಂಡಕ್ಟರ್ ಬರುತ್ತಾರೆ.

ನಿಜ ಹೇಳಬೇಕೆಂದರೆ ಆಫ್ ಸೀಸನ್‌ನಲ್ಲಿ ಹೆಂಗಸರಿಗೆ ಕಷ್ಟ ಇರುವುದು ಬಸ್ಸಲ್ಲಿ ಅಲ್ಲ, ಖಾಲಿ ಬೀಚಲ್ಲಿ. ಬೇರೆ ಪ್ರವಾಸಿಗರು ಇಲ್ಲದ್ದರಿಂದ ಮಾತಾಡಿಸುವವರೆಲ್ಲ ನಿಮ್ಮನ್ನೇ ಮಾತಾಡಿಸುತ್ತಾರೆ. "ಯಾವ ಊರು, ಯಾವ ಹೋಟೆಲ್, ಒಬ್ಬರೇನಾ" ಅಂತ. ಮೂರನೇ ಪ್ರಶ್ನೆಗೆ ಯಾವಾಗಲೂ "ಫ್ರೆಂಡ್ ರೂಮಲ್ಲಿದ್ದಾಳೆ" ಅಂತಲೇ ಹೇಳಿ. ಕತ್ತಲಾದ ಮೇಲೆ ಬೀಚ್ ಬೇಡ. ಮನೆಮಂದಿ ಇರುವ ಗೆಸ್ಟ್‌ಹೌಸ್ ಹಿಡಿಯಿರಿ. ಖಾಲಿ ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗ ಮಾತ್ರ ಕಾವಲಿಗೆ ಇದ್ದರೆ ಅಲ್ಲಿ ನಿಲ್ಲಬೇಡಿ. ಬುಕ್ ಮಾಡುವ ಮೊದಲು ಫೋನ್ ಮಾಡಿ "ಬೇರೆ ಯಾರು ಇದ್ದಾರೆ" ಅಂತ ಕೇಳೋದರಲ್ಲಿ ನಾಚಿಕೆ ಇಲ್ಲ. ಪ್ರವಾಸಿ ಪೊಲೀಸರ ನಂಬರ್ 1912, ಆಂಬ್ಯುಲೆನ್ಸ್ 1990. ಆಂಬ್ಯುಲೆನ್ಸ್ ಉಚಿತ.

ಗಾಂಧಿಬಜಾರ್ ಗಿರಿ

ಬೆಟ್ಟದ ರೈಲಿಗೆ ಜುಲೈ ವೇಸ್ಟ್ ಅನ್ನುವವರು ಅರ್ಧ ದಾರಿ ಮಾತ್ರ ಯೋಚಿಸಿದ್ದಾರೆ. ಹಟ್ಟನ್, ‘ನಾನು ಓಯ’ ಸ್ಟೇಷನ್‌ಗಳ ಕಡೆ ಮಳೆ, ಮಂಜು, ಕಿಟಕಿ ಮುಚ್ಚಿಕೊಂಡು ಕೂರಬೇಕು. ಪಟ್ಟಿಪೊಳ ಆ ದೇಶದ ಅತಿ ಎತ್ತರದ ಸ್ಟೇಷನ್. ಅದು ದಾಟಿ ಒಂದು ಸುರಂಗ ಬರುತ್ತದೆ. ಈ ಬಾಯಿಂದ ಮಂಜಲ್ಲಿ ಒಳಹೊಕ್ಕ ರೈಲು ಆ ಬಾಯಿಂದ ಬಿಸಿಲಿಗೆ ಬರುವುದುಂಟು. ನೀರು ಹರಿಯುವ ದಿಕ್ಕೇ ಅಲ್ಲಿ ಬದಲಾಗುತ್ತದೆ. ಆಚೆ ಬದಿ ಊವಾ ಸೀಮೆ, ಒಹಿಯ, ಹಪುತಳೆ, ‘ಎಲ್ಲ’, ಬದುಳ್ಳ. ಊವಾ ಚಹಾದ ಒಳ್ಳೆ ಫಸಲು ಜುಲೈನಿಂದ ಸೆಪ್ಟೆಂಬರ್‌ಗೇ ಬರುವುದು, ಆ ಒಣಗಾಳಿಯಿಂದ. ಚಹಾ ಕುಡಿಯೋಕಾದರೂ ಜುಲೈನಲ್ಲೇ ಹೋಗಬೇಕು ಅನ್ನಿ.

ಆದರೆ ದಿತ್ವಾದಲ್ಲಿ ಈ ಹಳಿಗೆ ಬಲವಾದ ಪೆಟ್ಟು ಬಿದ್ದಿತ್ತು. ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್‌ವರೆಗೆ ಓಡುತ್ತಿದೆ ಅಂತ ವಿಚಾರಿಸಿಕೊಂಡೇ ಟಿಕೆಟ್ ಕೊಳ್ಳಿ. ಕರಾವಳಿ ರೈಲಲ್ಲಿ ಕೊಲಂಬೊ ಫೋರ್ಟ್‌ನಿಂದ ಗಾಲೆಗೆ ಹೋಗುವಾಗ ಬಲಗಡೆ ಕೂರಿ, ಕಡಲು ಆ ಕಡೆ. ಮಳೆಗಾಲದಲ್ಲಿ ಅಲೆಯ ಹನಿ ಕಿಟಕಿಗೇ ಬಂದಂತೆ ಕಾಣುತ್ತದೆ.

ಸೊಪ್ಪುಸಾರು

ಅಮ್ಮನ್ನ ಒಪ್ಪಿಸೋಕೆ ನನ್ನ ಹತ್ತಿರ ಉಪಾಯ ಇದೆ. ಕತರಗಾಮ ಅಂತ ಹೇಳಿ. ಸುಬ್ರಹ್ಮಣ್ಯನ ದೊಡ್ಡ ಕ್ಷೇತ್ರ, ಹಿಂದೂಗಳು, ಬೌದ್ಧರು, ಮುಸ್ಲಿಮರು ಎಲ್ಲರೂ ಬರುತ್ತಾರೆ. ಅಲ್ಲಿನ ಉತ್ಸವ ಜುಲೈ-ಆಗಸ್ಟ್ ಹೊತ್ತಿಗೇ ಬರುತ್ತದೆ, ತಾರೀಖು ಪ್ರತಿ ವರ್ಷ ಬದಲು. "ಕುಕ್ಕೆ ಆಯಿತು, ಘಾಟಿ ಆಯಿತು, ಇದೊಂದು ನೋಡಿ ಬರ್ತೀನಮ್ಮ" ಅಂದರೆ ಯಾವ ತಾಯಿ ಬೇಡ ಅಂತಾರೆ? ದಾರಿಗೂ ಸರಿಯಾಗಿದೆ. ಮಾತರದಿಂದ ಬಸ್ಸಿದೆ. ತಂಗಾಲೆ ದಾಟಿದ ಮೇಲೆ ಮಳೆ ಹಿಂದೆ ಬೀಳುತ್ತದೆ, ಹಂಬನ್‌ತೋಟ ಕಡೆ ಬರೀ ಕುರುಚಲು ಕಾಡು, ಉಪ್ಪಿನ ಗದ್ದೆ. ಕತರಗಾಮದಿಂದ ಬುತ್ತಳದ ರಸ್ತೆಯಲ್ಲಿ ಆನೆ ಅಡ್ಡ ನಿಂತು ಬಸ್ಸು ನಿಲ್ಲಿಸುವುದುಂಟು. ಜೀಪಿನ ದುಡ್ಡು ಉಳೀತು ನೋಡಿ.

ಮಗಾ ಬ್ಯಾಗ್ ಎತ್ತು

ವಿಮಾನ ಬಿಟ್ಟು ಹಡಗಲ್ಲಿ ಹೋಗಿ. ನಾಗಪಟ್ಟಣದಿಂದ ಜಾಫ್ನಾ ಪಕ್ಕದ ಕಾಂಕೇಸನ್‌ತುರೈಗೆ 2023ರ ಅಕ್ಟೋಬರ್‌ನಲ್ಲಿ ಶುರು ಮಾಡಿದರಲ್ಲ. ಅದೇ ನಿಜವಾದ ಬ್ಯಾಕ್‌ಪ್ಯಾಕಿಂಗ್.

ಉಳ್ಳಾಲದ ಹುಡುಗ

ಶುರುವಾಗಿದ್ದು ನಿಜ, ನಡುವೆ ನಿಂತು 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಗಿದ್ದೂ ನಿಜ. ಕಡಲು ಕೆಟ್ಟರೆ ರದ್ದು ಮಾಡುತ್ತಾರೆ. ರಜೆ ಎಣಿಸಿಕೊಂಡು ಹೋಗುವವರು ಅದನ್ನು ನಂಬಬಾರದು. ವಾಪಸ್ ಬರೋಕಂತೂ ಬೇಡವೇ ಬೇಡ, ಸೋಮವಾರ ಆಫೀಸ್ ಇರುತ್ತದೆ.

ಹಿನ್ನೀರು

ಚಿಲ್ಲರೆ ವಿಷಯಗಳನ್ನು ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ. ಹೊರಡುವ ಮೊದಲೇ ಇಟಿಎ, ಅಂದರೆ ಆನ್‌ಲೈನ್ ಪ್ರಯಾಣ ಅನುಮತಿ, ಮಾಡಿಸಿ, ಅಧಿಕೃತ ತಾಣದಲ್ಲೇ. ಅದೇ ತರಹ ಕಾಣುವ ಖಾಸಗಿ ತಾಣಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ನಮ್ಮ ರೂಪಾಯಿಗೆ ಅವರ ಮೂರು ರೂಪಾಯಿ ಚಿಲ್ಲರೆ ಅಂತ ಲೆಕ್ಕ ಇಟ್ಟುಕೊಳ್ಳಿ. ಯುಪಿಐ 2024ರ ಫೆಬ್ರವರಿಯಿಂದ ಇದೆ, ಆದರೆ ಹಳ್ಳಿ ಬಸ್ಸಲ್ಲಿ, ಸಣ್ಣ ಹೋಟೆಲಲ್ಲಿ ನಗದೇ ಬೇಕು. ಸಿಗಿರಿಯ ಬಂಡೆಕೋಟೆಯಂಥ ಕಡೆ ಸಾರ್ಕ್ ದೇಶದವರಿಗೆ ಟಿಕೆಟ್ ಕಡಿಮೆ, ಪಾಸ್‌ಪೋರ್ಟ್ ರೂಮಲ್ಲಿ ಬಿಟ್ಟು ಹೋಗಬೇಡಿ. ಹೊಸ ಕಟ್ಟಡಗಳಲ್ಲಿ ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್, ಒಂದು ಅಡಾಪ್ಟರ್ ಇರಲಿ. ಆಟೊಗೆ ಪಿಕ್‌ಮಿ ಆ್ಯಪ್. ಕೊಡೆಗಿಂತ ಪೊಂಚೊ ವಾಸಿ, ಬ್ಯಾಗಿನ ಮೇಲೂ ಬರುತ್ತದೆ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಸೊಳ್ಳೆ ಮುಲಾಮು ಮರೆಯಬೇಡಿ, ಡೆಂಗಿ ಅಲ್ಲೂ ಇದೆ.

ವಿಜಯನಗರದ ವಾಣಿ

ಎಲ್ಲರ ಮಾತು ಸೇರಿಸಿ ಹೊಸ ಪಟ್ಟಿ ಮಾಡಿದ್ದೀನಿ. ಕೊಲಂಬೊದಿಂದ ರೈಲಲ್ಲಿ ಗಾಲೆ, ಅಲ್ಲಿ ಕೋಟೆ ಮಾತ್ರ, ನೀರಿಗೆ ಇಳಿಯಲ್ಲ. ಮಾತರದಿಂದ ಕತರಗಾಮ. ಬುತ್ತಳ, ವೆಲ್ಲವಾಯ ಮೇಲೆ ‘ಎಲ್ಲ’. ಅಲ್ಲಿಂದ ಬದುಳ್ಳ ಕಡೆ ಸ್ವಲ್ಪ ರೈಲು. ಆಮೇಲೆ ಬಸ್ಸಲ್ಲಿ ಟ್ರಿಂಕೊ, ನಿಲಾವೆಲಿಯಲ್ಲಿ ನಾಲ್ಕೈದು ದಿನ. ವಾಪಸ್ ಬರುವಾಗ ಸಿಗಿರಿಯ. ಕ್ಯಾಂಡಿ ಸೇರಿಸಲಾ?

ಗಾಂಧಿಬಜಾರ್ ಗಿರಿ

ಜುಲೈ ಕೊನೆ ಅಂದರೆ ಕ್ಯಾಂಡಿಯ ಎಸಳ ಪೆರಹೆರ, ಅಂದರೆ ಆನೆಗಳ ಮೆರವಣಿಗೆಯ ಉತ್ಸವ, ಹತ್ತಿರವೇ ಇರುತ್ತದೆ. ಮೊದಲು ಆ ವರ್ಷದ ತಾರೀಖು ನೋಡಿ. ಪೆರಹೆರದ ದಿನ ಬಿದ್ದರೆ ರೂಮಿನ ಬೆಲೆ ಮುಗಿಲಿಗೆ, ಜನ ಸಾಗರ, ನಿಮಗಾಗಲ್ಲ. ಬೀಳದಿದ್ದರೆ ಒಂದು ರಾತ್ರಿ ನಿಲ್ಲಿ.

ಸಿಗಿರಿಯ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಹತ್ತಿ, ಜುಲೈ ಬಿಸಿಲಿಗೆ ಬಂಡೆ ಕಾದ ಹೆಂಚಾಗಿರುತ್ತದೆ. ಟಿಕೆಟ್ ಜಾಸ್ತಿ ಅನ್ನಿಸಿದರೆ ಎದುರಿನ ಪಿದುರಂಗಲ ಹತ್ತಿ, ಅಲ್ಲಿಂದ ಸಿಗಿರಿಯ ಇಡಿಯಾಗಿ ಕಾಣುತ್ತದೆ. ಮಿನ್ನೇರಿಯ ಕಾಡಿನ ಆನೆ ಹಿಂಡು ಆಗಸ್ಟ್-ಸೆಪ್ಟೆಂಬರ್‌ಗೆ ಜಾಸ್ತಿ, ಆದರೂ ಹತ್ತಿರದ ಹಬರಣ ಊರಲ್ಲಿ ಕೇಳಿ ನೋಡಿ. ಜೀಪಿಗೆ ಪಾಲು ಸಿಕ್ಕರೆ ಹೋಗಿ, ಇಲ್ಲದಿದ್ದರೆ ಟ್ರಿಂಕೊ ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿದು ಕೂರಿ.

ಹಿನ್ನೀರು

‘ಎಲ್ಲ’ದಿಂದ ಟ್ರಿಂಕೊ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ ವಾಣಿ, ಬಸ್ಸು ಬದಲಿಸಿ ಬದಲಿಸಿ ಸಾಕಾಗುತ್ತದೆ. ಬಟ್ಟಿಕಲೋವದಲ್ಲಿ ಒಂದು ರಾತ್ರಿ ಉಳಿಯಿರಿ. ಹಿನ್ನೀರಿನ ಊರು, ಪ್ರವಾಸಿಗರು ಅಷ್ಟಾಗಿ ನಿಲ್ಲುವುದಿಲ್ಲ, ಸೀಸನ್‌ನಲ್ಲೂ ಗದ್ದಲ ಕಡಿಮೆ. ನಾನು ಇಳಿದುಕೊಂಡಿದ್ದ ಮನೆಯವರ ಹೆಸರು ಇಲ್ಲಿ ಹಾಕಲ್ಲ, ಸಂದೇಶದಲ್ಲಿ ಕಳಿಸ್ತೀನಿ. ಸೈವ ಊಟ, ಒಣಮೀನಿನ ಭಯ ಇಲ್ಲ.

ವಿಜಯನಗರದ ವಾಣಿ

ಕಳಿಸಿ ಅಕ್ಕ. ಅಮ್ಮ "ಸುಬ್ರಹ್ಮಣ್ಯನಾ?" ಅಂತ ಕೇಳಿದರು. ಈಗ ತಾವೂ ಬರ್ತೀನಿ ಅಂತ ಹೇಳುತ್ತಿದ್ದಾರೆ. ಸೊಪ್ಪುಸಾರು ಅವರೇ, ಇದಕ್ಕೇನಾದರೂ ಉಪಾಯ ಇದೆಯಾ?

ಸೊಪ್ಪುಸಾರು

ಕರೆದುಕೊಂಡು ಹೋಗಿ. ಜೀಪು ಎರಡು ಪಾಲಾಗುತ್ತದೆ.